ಬಳೆಗಾರ್ತಿ ಟರ್ನಿಂಗ್

ನನ್ನ ಅವ್ವ ದೆವ್ವವಾಗಿದ್ದಾಳೆಂದು ನನಗೆ ಮೊದಲು ಹೇಳಿದವನು ಒಬ್ಬ ಬಸ್ ಕಂಡಕ್ಟರ್. ಅವಳು ಸತ್ತು ಆಗ ಮೂರು ತಿಂಗಳಾಗಿತ್ತು. ನಾನು ಬಳ್ಳಾರಿಯಲ್ಲಿ ಬಳೆ ಕೊಂಡು ಕುರುಗೋಡಿಗೆ ಹೊರಟಿದ್ದೆ. ಬಸ್ಸು ಕೊಳಗಲ್ಲು ದಾಟಿ, ಬಾದನಹಟ್ಟಿಗೆ ಮೊದಲು ಸಿಗುವ ತಿರುವಿಗೆ ಬಂದಾಗ ಡ್ರೈವರ್ ಎರಡು ಸಲ ಹಾರ್ನ್ ಹೊಡೆದು, ಎತ್ತಿನ ಗಾಡಿಯಷ್ಟು ನಿಧಾನ ಮಾಡಿದ. ಮುಂದಿನ ಸೀಟಿನಲ್ಲಿ ಹೊಸಬನೊಬ್ಬ ಕೂತಿದ್ದ. ಕಂಡಕ್ಟರ್ ಅವನಿಗೆ ವಿವರಿಸತೊಡಗಿದ.

"ಇದು ಬಳಿಗಾರ್ತಿ ಟರ್ನಿಂಗ್ ರೀ. ಮಟಮಟ ಮಧ್ಯಾಹ್ನದಾಗ ಮಲಾರ ಹೊತ್ಕೊಂಡು ನಡು ರಸ್ತೇದಾಗ ನಿಂದರ್ತಾಳ. ಕೈ ಕೊಡು, ಬಳಿ ಇಡತೀನಿ ಅಂತಾಳ. ಕೈ ಕೊಟ್ಟಾವ ಎಂಟು ದಿನ ಉಳಿಯಂಗಿಲ್ಲ."

ನನ್ನ ತೊಡೆಯ ಮೇಲೆ ಬಳೆಯ ಪೆಟ್ಟಿಗೆ ಇತ್ತು. ಅವನ ಕೆನ್ನೆಗೆ ಒಂದು ಬಾರಿಸಬೇಕೆನಿಸಿತು. ಟಿಕೇಟಿನ ಚಿಲ್ಲರೆ ಕೊಡು ಎಂದೆ, ಅಷ್ಟೇ.

ನಾವು ಮುಸಲ್ಮಾನರು. ಮನೆಯ ಮಾತು ಕನ್ನಡ, ಕಸುಬು ಬಳೆ. ಅಪ್ಪ ನಾನು ಚಿಕ್ಕವಳಿದ್ದಾಗಲೇ ತೀರಿಕೊಂಡಿದ್ದ. ನನ್ನ ಮದುವೆ ಮುರಿದು ನಾನು ಕೊಳಗಲ್ಲಿಗೆ ವಾಪಸು ಬಂದ ಮೇಲೆ ಮನೆಯಲ್ಲಿದ್ದವರು ಅವ್ವ, ನಾನು ಇಬ್ಬರೇ. ಅವ್ವ ದಾರಕ್ಕೆ ಪೋಣಿಸಿದ ಬಳೆಗಳ ಹೊರೆಯನ್ನು, ಅಂದರೆ ಮಲಾರವನ್ನು, ಹೆಗಲಿಗೆ ಹಾಕಿಕೊಂಡು ಸುತ್ತಲಿನ ಊರೆಲ್ಲ ತಿರುಗುತ್ತಿದ್ದಳು. ಜಾತಿ ಯಾವುದೇ ಇರಲಿ, ಬಳೆಗಾರ್ತಿ ಕೇಳದೆ ಅಂಗಳಕ್ಕೆ ಹೋಗಿ ಕೂರಬಹುದಿತ್ತು. ಹೊಸ ಸೊಸೆಯಂದಿರು ಅತ್ತೆಗೆ ಹೇಳಲಾಗದ್ದನ್ನು ಅವ್ವನ ಕೈಯಲ್ಲಿ ಕೈಯಿಟ್ಟು ಹೇಳುತ್ತಿದ್ದರು. ಬಳೆ ಇಡಿಸಿಕೊಂಡವರು ಮಲಾರಕ್ಕೆ ಕೈಮುಗಿದು ಏಳುತ್ತಿದ್ದರು.

ಒಂದು ಡಜನ್ ಬಳೆ ಇಟ್ಟ ಮೇಲೆ ಅವ್ವ ಕೇಳದೆಯೇ ಇನ್ನೊಂದನ್ನು ಏರಿಸುತ್ತಿದ್ದಳು. ಅದಕ್ಕೆ ದುಡ್ಡಿಲ್ಲ. ಅವ್ವ ಅದನ್ನು ದುವಾದ ಬಳೆ ಎನ್ನುತ್ತಿದ್ದಳು, ಊರ ಹೆಂಗಸರು ಹರಸುವ ಬಳೆ ಎನ್ನುತ್ತಿದ್ದರು. ಒಮ್ಮೆ ಬಾದನಹಟ್ಟಿಯ ಹೆಂಗಸೊಬ್ಬಳು ಬಣ್ಣ ಸರಿಯಿಲ್ಲವೆಂದು ಅವ್ವನಿಗೆ ಬಾಯಿಗೆ ಬಂದಂತೆ ಬೈದಳು. ಅವ್ವ ಅವಳಿಗೂ ಆ ಬಳೆ ಇಟ್ಟೇ ಎದ್ದಳು. ದಾರಿಯಲ್ಲಿ ನಾನು ಸಿಡಿಮಿಡಿಗೊಂಡೆ.

"ಹಿಡದ ಕೈಗೆ ಅದನ್ನ ಇಡದ ಏಳಬಾರದು," ಎಂದಳು ಅವ್ವ. "ಇಡದ ಎದ್ದರ ಶಾಪ ಹಾಕಿದಂಗ. ನಮ್ಮ ಕಸುಬಿನ್ಯಾಗ ಅದಕ್ಕಿಂತ ದೊಡ್ಡ ಶಾಪ ಇಲ್ಲ."

ಇಂಥವಳನ್ನು ಕೈ ಕೇಳಿ ಕೊಲ್ಲುವ ದೆವ್ವ ಮಾಡಿದ್ದರು.

ಅದು ಗಣಿಯ ಕಾಲ. ಕೆಂಪು ಮಣ್ಣಿಗೆ ಬಂಗಾರದ ಬೆಲೆ ಬಂದಿತ್ತು. ಬಳ್ಳಾರಿಯಲ್ಲಿ ನಿನ್ನೆ ಸೈಕಲ್ ತುಳಿದವನು ಇವತ್ತು ಕಾರಿನಲ್ಲಿ ಓಡಾಡುತ್ತಿದ್ದ. ದೊಡ್ಡ ರಸ್ತೆಯ ಚೆಕ್‌ಪೋಸ್ಟ್ ತಪ್ಪಿಸಿಕೊಳ್ಳಲು ಅದಿರಿನ ಲಾರಿಗಳು ನಮ್ಮ ಹಳ್ಳಿ ರಸ್ತೆ ಹಿಡಿದವು. ಭತ್ತದ ಗಾಡಿ, ಮೆಣಸಿನಕಾಯಿ ಟ್ರಾಕ್ಟರ್ ಓಡಾಡಲೆಂದು ಹಾಕಿದ ರಸ್ತೆ ಅದು. ಒಂದರ ಹಿಂದೆ ಒಂದು ಲಾರಿ, ಅದರ ಹಿಂದೆ ಕೆಂಪು ಧೂಳು. ಹೊಲದಲ್ಲಿ ಹತ್ತಿ ಕೆಂಪಗೆ ಬಿರಿಯುತ್ತಿತ್ತು, ಒಗೆದು ಹಾಕಿದ ಬಿಳಿ ಪಂಚೆ ಕೆಂಪಗೆ ಒಣಗುತ್ತಿತ್ತು. ಲಾರಿಗಳ ನಂಬರ್ ಪ್ಲೇಟನ್ನೂ ಅದೇ ಧೂಳು ಮುಚ್ಚಿರುತ್ತಿತ್ತು. ಅದನ್ನು ಒರೆಸುವ ಗೋಜಿಗೆ ಯಾರೂ ಹೋಗುತ್ತಿರಲಿಲ್ಲ, ಏಕೆಂದು ಎಲ್ಲರಿಗೂ ಗೊತ್ತಿತ್ತು.

ಅವತ್ತು ಬಾದನಹಟ್ಟಿಯ ಒಂದು ಮನೆಯಲ್ಲಿ ಕೂಸನ್ನು ತೊಟ್ಟಿಲಿಗೆ ಹಾಕುವವರಿದ್ದರು. ಕೂಸಿಗೆ ದೃಷ್ಟಿಯಾಗದಿರಲೆಂದು ಕರಿಬಳೆ ಇಡುವುದು ನಮ್ಮ ಕಡೆಯ ಪದ್ಧತಿ. ಹೆಬ್ಬೆರಳೂ ತೂರದಂಥ ಎರಡು ಕರಿಬಳೆಗಳನ್ನು ನಾನೇ ಆರಿಸಿ, ಹಳದಿ ಕರವಸ್ತ್ರದಲ್ಲಿ ಗಂಟು ಕಟ್ಟಿ ಕೊಟ್ಟೆ. ಮಲಾರದಲ್ಲಿ ಹಾಕಿದರೆ ಒಡೆದಾವೆಂದು ಅವ್ವ ಗಂಟನ್ನು ಮುಷ್ಟಿಯಲ್ಲೇ ಹಿಡಿದು ಹೊರಟಳು.

ಮಧ್ಯಾಹ್ನ ಹೊಲದವರು ಬಂದು ಕರೆದೊಯ್ದರು. ಅವ್ವ ತಿರುವಿನ ಬೇವಿನ ಮರದ ನೆರಳಿನಲ್ಲಿ ಮಲಗಿದ್ದಳು. ಸೆರಗು ಸರಿಯಾಗಿ ಹೊದೆಸಿತ್ತು. ರಸ್ತೆಯ ತುಂಬ ಬಳೆಯ ಚೂರು. ರಕ್ತ ಇದ್ದದ್ದು ರಸ್ತೆಯ ಮೇಲೆ, ಅವಳಿದ್ದದ್ದು ನೆರಳಿನಲ್ಲಿ. ಯಾರೋ ಇಳಿದಿದ್ದಾರೆ, ಎತ್ತಿ ತಂದು ಮಲಗಿಸಿದ್ದಾರೆ, ಆಮೇಲೆ ಹೋಗಿದ್ದಾರೆ. ಇದು ನನಗೆ ಅಲ್ಲಿ ನಿಂತಾಗಲೇ ತಿಳಿಯಿತು. ಅವಳ ಮುಷ್ಟಿ ತೆರೆದಿತ್ತು, ಗಂಟು ಇರಲಿಲ್ಲ. ಚೂರುಗಳ ನಡುವೆ ಎಲ್ಲೋ ಬಿದ್ದಿರಬೇಕೆಂದುಕೊಂಡೆ.

ಠಾಣೆಗೆ ಏಳು ಸಲ ಹೋದೆ. "ನಾವೇನು ಬಳಿ ತೊಟ್ಕೊಂಡು ಕುಂತಿಲ್ಲಮ್ಮ, ಹುಡುಕ್ತೀವಿ," ಎಂದರು ಅಲ್ಲಿದ್ದ ಸಾಹೇಬರು. ತೊಟ್ಟುಕೊಂಡು ಕೂತಿದ್ದರೆ ನಮಗೆ ಒಂದು ಡಜನ್ ವ್ಯಾಪಾರವಾದರೂ ಆಗುತ್ತಿತ್ತು. ಎಂಟನೆಯ ಸಲ ಹೋಗಲಿಲ್ಲ. ಆ ಲಾರಿ ಓಡಿಸಿದವನನ್ನು ನಾನೇ ಹುಡುಕುತ್ತೇನೆ, ಸುಮ್ಮನೆ ಬಿಡುವುದಿಲ್ಲ ಎಂದು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡೆ. ಬೇರೆ ಯಾವ ಆಸೆಯೂ ಆಗ ನನಗಿರಲಿಲ್ಲ.

ಅಷ್ಟರಲ್ಲಿ ದೆವ್ವದ ಕಥೆ ಬೆಳೆಯಿತು. ಸತ್ತ ಎಮ್ಮೆಗೆ ಹತ್ತು ಸೇರು ಹಾಲು ಎನ್ನುತ್ತಾರಲ್ಲ, ಹಾಗೆ ದಿನಕ್ಕೊಂದು ಸೇರು ಏರಿತು. ಒಬ್ಬ ಡ್ರೈವರ್‌ಗೆ ಕ್ಯಾಬಿನ್ ಒಳಗೇ ಬಳೆ ಸದ್ದು ಕೇಳಿತಂತೆ. ಇನ್ನೊಬ್ಬನ ಸ್ಟೇರಿಂಗ್ ಮೇಲೆ ಹಸಿರು ಬಳೆ ತೊಟ್ಟ ಕೈ ಬಂದು ಕೂತಿತಂತೆ. ಅಮಾವಾಸ್ಯೆಗೆ ಲಾರಿ ತೊಳೆದು ನಿಂಬೆಹಣ್ಣು ಕಟ್ಟುವ ಡ್ರೈವರುಗಳು ಆ ಬೇವಿನ ಬುಡದಲ್ಲಿ ಹಸಿರು ಗಾಜಿನ ಬಳೆ ಇಟ್ಟು ಹೋಗತೊಡಗಿದರು. ಮರಕ್ಕೆ ಕುಂಕುಮ ಹಚ್ಚಿದರು. ಜೀವವಿದ್ದಾಗ ಹಣೆಗೆ ಏನೂ ಇಡದವಳಿಗೆ ಸತ್ತ ಮೇಲೆ ಬೊಗಸೆ ಕುಂಕುಮ. ಅವ್ವನ ಹೆಸರಿನಲ್ಲಿ ಫಾತೆಹಾ ಓದಿದ ನಮಗೆ ಒಂದು ಮಾತು ಕೇಳಬೇಕೆಂದು ಯಾರಿಗೂ ಅನಿಸಲಿಲ್ಲ.

ಕಥೆಯ ಪೆಟ್ಟು ನನ್ನ ಹೊಟ್ಟೆಗೇ ಬಿತ್ತು. ನಾನು ಅದೇ ಮಲಾರ ಹೊತ್ತು ಹೋದರೆ, ಅವ್ವನ ಕೈಯಲ್ಲಿ ಕೈಯಿಟ್ಟು ಅತ್ತಿದ್ದ ಹೆಂಗಸರು ಬಾಗಿಲ ಹಿಂದಿನಿಂದ "ಈಗ ಬ್ಯಾಡವ್ವ, ಮುಂದಿನ ಸಲ ನೋಡೂಣು" ಎನ್ನುತ್ತಿದ್ದರು. ದೆವ್ವದ ಮಗಳಿಗೆ ಕೈ ಕೊಡುವವರು ಯಾರು? ನಾನೂ ಬಿಡಲಿಲ್ಲ. ಪ್ರತಿ ಅಮಾವಾಸ್ಯೆಯ ಮರುದಿನ ತಿರುವಿಗೆ ಹೋಗಿ, ಬೇವಿನ ಬುಡದ ಬಳೆಗಳನ್ನೆಲ್ಲ ಬಾಚಿ ತಂದು, ತೊಳೆದು, ಬಳ್ಳಾರಿಯ ಓಣಿಗಳಲ್ಲಿ ಮಾರಿದೆ. ಅವ್ವನಿಗೆ ಕೊಟ್ಟದ್ದು ಮಗಳಿಗೆ ಸೇರಬೇಕು. ಇದು ಪಾಪ ಎನ್ನುವವರು ಎದುರಿಗೆ ಬಂದು ಅನ್ನಲಿ.

ಹಾಗೆ ಬಾಚುವಾಗಲೇ ಒಂದು ಸಲ ಹಸಿರು ಬಳೆಗಳ ನಡುವೆ ಎರಡು ಕರಿಬಳೆ ಸಿಕ್ಕವು. ಕೂಸಿನವು, ಹೆಬ್ಬೆರಳೂ ತೂರದಂಥವು.

ಅವೆರಡನ್ನೂ ಬೇರೆ ಎತ್ತಿಟ್ಟೆ. ದೆವ್ವಕ್ಕೆ ಹಸಿರು ಬಳೆ ಕೊಡುವುದು ಎಲ್ಲರೂ ಮಾಡುವ ಕೆಲಸ. ಅವ್ವನ ಮುಷ್ಟಿಯಲ್ಲಿ ಕೂಸಿನ ಕರಿಬಳೆ ಇದ್ದದ್ದು ನನಗೆ ಗೊತ್ತು, ಅವ್ವನಿಗೆ ಗೊತ್ತು, ಅವನ್ನು ಹೇಳಿ ತರಿಸಿದ ಬಾದನಹಟ್ಟಿಯ ಕೂಸಿನ ಅಜ್ಜಿಗೆ ಗೊತ್ತು. ಅಜ್ಜಿಯನ್ನು ಹೋಗಿ ಕೇಳಿದೆ. ಅವತ್ತಿನಿಂದ ಆ ಹಾದಿಯನ್ನೇ ತುಳಿದಿಲ್ಲವೆಂದು ಮೊಮ್ಮಗನ ತಲೆ ಮುಟ್ಟಿ ಹೇಳಿದಳು. ಹಾಗಾದರೆ ನಾಲ್ಕನೆಯವನೊಬ್ಬನಿದ್ದಾನೆ, ಅವ್ವನ ಮುಷ್ಟಿ ತೆರೆದದ್ದನ್ನು ಕಂಡವನು. ಕಳ್ಳನ ಮನಸ್ಸು ಹುಳ್ಳುಳ್ಳಗೆ. ಬೇಡ ಬೇಡವೆಂದರೂ ಅವನ ಕೈ ಅವನನ್ನು ತೋರಿಸಿಕೊಟ್ಟಿತ್ತು.

ಮುಂದಿನ ಅಮಾವಾಸ್ಯೆಗೂ ಎರಡು ಕರಿಬಳೆ ಇದ್ದವು, ಅದರ ಮುಂದಿನದಕ್ಕೂ ಇದ್ದವು. ಆ ದಿನಗಳಲ್ಲಿ ಮಲಾರ ಹೊತ್ತು ಮರದ ಕೆಳಗೆ ಕಾದೆ. ಕೆಂಪು ಧೂಳಿನ ನಡುವೆ ನನ್ನನ್ನು ಕಂಡ ಡ್ರೈವರುಗಳು ಲಾರಿ ನಿಲ್ಲಿಸುವುದಿರಲಿ, ಗೇರ್ ಬದಲಿಸಿ ಎದ್ದೂ ಬಿದ್ದೂ ಓಡಿದರು. ಬಳೆಗಾರ್ತಿ ಹಗಲಲ್ಲೇ ಕಂಡಳೆಂದು ಕುರುಗೋಡಿನ ಹೋಟೆಲುಗಳಲ್ಲಿ ಹೊಸ ಕಥೆ ಹುಟ್ಟಿತು. ಬಳೆಗಳನ್ನು ಅವರು ನಾನು ಹೋದ ಮೇಲೆ ಇಟ್ಟರು. ಕಾದು ಹಿಡಿಯುವುದು ಆಗದ ಮಾತಾಯಿತು.

ಎರಡು ವರ್ಷ ಹೀಗೇ ಕಳೆಯಿತು. ಒಂದು ದಿನ ಬಳ್ಳಾರಿಯಲ್ಲಿ ನಾನು ಮಾಲು ಕೊಳ್ಳುವ ಅಂಗಡಿಯ ಮುದುಕ ಶೆಟ್ಟರು ಮಾತಿಗೆ ಮಾತು ಬಂದು ನಕ್ಕರು.

"ಏನಮ್ಮಾ, ನಮ್ಮ ಗಿರಾಕಿ ಒಬ್ಬ ಅದಾನ, ಸಿರುಗುಪ್ಪದ ಹುಡುಗ. ತಿಂಗಳಿಗೊಮ್ಮೆ ಬಂದು ಕೂಸಿಗೆ ಎರಡು ಕರಿಬಳಿ ಕೊಡ್ರಿ ಅಂತಾನ. ಎರಡು ವರ್ಷ ಆತು, ಅದೇ ಅಳತಿ. ಕೂಸು ಬೆಳೀತೈತಿ, ಕೈ ಬೆಳೀತೈತಿ. ಇವನ ಕೂಸಿನ ಕೈ ಮಾತ್ರ ಬೆಳ್ಯಾಂಗೇ ಇಲ್ಲ. ಅಳತಿಗೆ ಅಂತ ಜೇಬಿನ್ಯಾಗ ಹಳೇವು ಎರಡು ಇಟ್ಕೊಂಡಿರ್ತಾನ, ಹಳದಿ ಕರ್ಚೀಫಿನ್ಯಾಗ ಕಟ್ಟಿ."

ನನ್ನ ಕೈಯಲ್ಲಿದ್ದ ಬಳೆಯ ಕಟ್ಟು ಜಾರಿತು. ಅವರು ಬೈದರು, ನಾನು ಬೈಸಿಕೊಂಡೆ. ಮೆಲ್ಲಗೆ ಕೇಳಿದ್ದಕ್ಕೆ ಎಲ್ಲ ಹೇಳಿದರು. ಮೊದಲು ಭತ್ತದ ಲಾರಿ ಓಡಿಸುತ್ತಿದ್ದನಂತೆ, ಆಮೇಲೆ ಅದಿರಿನದಂತೆ. ಸಿರುಗುಪ್ಪದಲ್ಲಿ ಒಂದು ಅಕ್ಕಿ ಗಿರಣಿಯ ಹಿಂದಿನ ಓಣಿಯಲ್ಲಿ ಹೊಸ ಮನೆ ಕಟ್ಟಿಸಿದ್ದಾನಂತೆ, ನೀಲಿ ಗೇಟು. ಒಳ್ಳೆಯ ಹುಡುಗ ಪಾಪ, ಎಂದರು ಶೆಟ್ಟರು.

ಮರುದಿನವೇ ಸಿರುಗುಪ್ಪದ ಬಸ್ಸು ಹತ್ತಿದೆ. ಮಲಾರದಲ್ಲಿದ್ದದ್ದೆಲ್ಲ ಬೇವಿನ ಬುಡದ ಬಳೆಗಳೇ. ಬೇಕೆಂದೇ ಅವನ್ನು ಆರಿಸಿ ಪೋಣಿಸಿದ್ದೆ. ಅಂಗಳದಲ್ಲಿ ಕೂತು, ಓಣಿಯ ಹೆಂಗಸರೆಲ್ಲ ಸೇರಿದ ಮೇಲೆ, ಇದು ಕೊಲೆಗಾರನ ಮನೆ ಎಂದು ಕೂಗಿ ಹೇಳಬೇಕೆಂದಿದ್ದೆ. ಬಸ್ಸಿನಲ್ಲಿ ಆ ಮಾತುಗಳನ್ನು ನಾಲ್ಕು ಸಲ ಬಾಯಿಪಾಠ ಮಾಡಿದೆ.

ಗಿರಣಿಯ ತೌಡಿನ ವಾಸನೆ ಓಣಿಯ ತುಂಬ ಇತ್ತು. ನೀಲಿ ಗೇಟು ತೆರೆದವಳು ಅವನ ಹೆಂಡತಿ, ನನಗಿಂತ ನಾಲ್ಕೈದು ವರ್ಷ ದೊಡ್ಡವಳು. "ಬರ್ರಿ, ಕುಂದರ್ರಿ, ಬಿಸಲಾಗ ಬಂದೀರಿ," ಎಂದು ನೀರು ಕೊಟ್ಟಳು. ಅವಳೊಬ್ಬಳೇ ಇದ್ದಳು. ನಾನು ಕೇಳುವ ಮೊದಲೇ ಚಾಪೆ ಹಾಸಿ, ಎದುರಿಗೆ ಕೂತು, ಎಡಗೈ ಚಾಚಿದಳು. ಎರಡು ವರ್ಷದಲ್ಲಿ ಹಳ್ಳಿಯ ಹೆಂಗಸೊಬ್ಬಳೂ ನನಗೆ ಹಾಗೆ ಹಿಂದೆಮುಂದೆ ನೋಡದೆ ಕೈ ಕೊಟ್ಟಿರಲಿಲ್ಲ.

ಒಳ್ಳೆಯ ಕೈ. ಬೆರಳು ಮಡಚಿದರೆ ಮೂಳೆ ಬಾಗುವಂಥದ್ದು. ಬಳೆ ಒಂದೊಂದಾಗಿ ಏರಿದವು. "ಮಕ್ಕಳು ಎಷ್ಟು ಅಕ್ಕಾರ?" ಎಂದೆ.

"ಲಗ್ನ ಆಗಿ ಎಂಟು ವರ್ಷ ಆತು, ಇನ್ನ ಇಲ್ಲ," ಎಂದಳು. ಆಮೇಲೆ ದನಿ ಇಳಿಸಿದಳು. "ನಮ್ಮವರು ಏನೋ ಹರಕಿ ಹೊತ್ತಾರ. ಬಾಯಿ ಬಿಡಂಗಿಲ್ಲ. ತಿಂಗಳಾ ತಿಂಗಳಾ ಕೂಸಿನ ಕರಿಬಳಿ ತಂದು ಲಾರಿ ಪೆಟಿಗ್ಯಾಗ ಮುಚ್ಚಿಡ್ತಾರ. ಅಮಾಸಿ ದಿನ ಒಯ್ದು ಎಲ್ಲೋ ಇಟ್ಟು ಬರ್ತಾರ. ಒಮ್ಮೆ ನಾ ಕಂಡೀನಿ, ಅವರಿಗೆ ಗೊತ್ತಿಲ್ಲ. ಅವತ್ತಿನಿಂದ ಅಮಾಸಿಗೆ ನಾನೂ ಉಪವಾಸ ಮಾಡ್ತೀನಿ. ಗಂಡಸು ಇಷ್ಟು ನಡಕೊಂಡರ ದೇವರು ಕಣ್ಣು ಬಿಡಾಂಗಿಲ್ಲೇನು?"

ಅವಳ ಮುಖದಲ್ಲಿ ನಗು ಇತ್ತು. ಕೈ ನನ್ನ ಕೈಯಲ್ಲಿತ್ತು. ಬಾಯಿಪಾಠ ಮಾಡಿಕೊಂಡು ಬಂದ ಮಾತೆಲ್ಲ ಮರೆತುಹೋಯಿತು. ಸುಮ್ಮನೆ ಎದ್ದು ಹೋಗಬಹುದಿತ್ತು ಎಂದು ಈಗ ಅನಿಸುತ್ತದೆ. ಆಗ ನನ್ನ ಕಣ್ಣ ಮುಂದೆ ಇದ್ದದ್ದು ಅವ್ವನ ತೆರೆದ ಮುಷ್ಟಿ. ಹನ್ನೆರಡನೆಯ ಬಳೆ ಏರಿಸಿ ಹೇಳಿದೆ.

"ಅವು ನಿಮ್ಮ ಕೂಸಿಗಲ್ಲ ಅಕ್ಕಾರ. ನಮ್ಮ ಅವ್ವಗ. ನಿಮ್ಮ ಯಜಮಾನರು ಲಾರಿ ಹಾಯಿಸಿ ಕೊಂದರಲ್ಲ, ಆಕಿಗೆ."

ಅವಳು ಕೈ ಕಿತ್ತುಕೊಳ್ಳಲಿಲ್ಲ. ನಾನು ಹೇಳಿದ್ದನ್ನೆಲ್ಲ ಕೇಳಿದಳು: ತಿರುವು, ಬೇವಿನ ಮರ, ಹಳದಿ ಕರವಸ್ತ್ರ. ಕರವಸ್ತ್ರ ಎಂದಾಗ ಅವಳ ಬೆರಳು ತಣ್ಣಗಾದದ್ದು ನನಗೆ ಗೊತ್ತಾಯಿತು. ಅದನ್ನು ಅವಳು ಕಂಡಿದ್ದಳು.

ಅಷ್ಟರಲ್ಲಿ ಗೇಟು ಸದ್ದಾಯಿತು. ಊಟಕ್ಕೆಂದು ಅವನು ಬಂದಿದ್ದ. ಮಟಮಟ ಮಧ್ಯಾಹ್ನ, ತನ್ನದೇ ಅಂಗಳ, ಮಲಾರ ಹರಡಿಕೊಂಡು ಕೂತ ಬಳೆಗಾರ್ತಿ, ಅವಳ ಕೈಯಲ್ಲಿ ತನ್ನ ಹೆಂಡತಿಯ ಕೈ. ನಾನು ಅವ್ವನ ಹೋಲಿಕೆಯೇ. ಅವನು ಗೇಟಿನ ಸರಳು ಹಿಡಿದು ಹಾಗೇ ನೆಲಕ್ಕೆ ಕುಸಿದ. "ಕೂಸಿಗೆ ಮುಟ್ಟಸ್ಲಿಲ್ಲ ಅಮ್ಮಾ, ತಪ್ಪಾತು," ಎಂದ. ಒಂದೇ ಮಾತನ್ನು ಮೂರು ಸಲ ಹೇಳಿದ.

ನಾನು ಮಗಳು ಎಂದು ತಿಳಿದ ಮೇಲೂ ಅವನು ನೆಲದಿಂದ ಏಳಲಿಲ್ಲ. ಎಲ್ಲ ಹೇಳಿದ, ಹೆಂಡತಿಯ ಎದುರೇ. ನೆರಳಿಗೆ ತಂದು ಮಲಗಿಸಿದಾಗ ಅವ್ವ ಬದುಕಿದ್ದಳಂತೆ. ನೀರು ಕೇಳಿದಳಂತೆ, ಇವನು ಕುಡಿಸಿದನಂತೆ. ಮುಷ್ಟಿ ಬಿಚ್ಚಿ ಗಂಟು ಕೊಟ್ಟು, ಬಾದನಹಟ್ಟಿಯ ಕೂಸಿಗೆ ಮುಟ್ಟಿಸು ಎಂದಳಂತೆ. ಇವನು ಮಾಲೀಕನಿಗೆ ಫೋನ್ ಮಾಡಿದ. ಪರ್ಮಿಟ್ ಇಲ್ಲದ ಲೋಡು, ಮೊದಲು ಇಳಿಸಿ ಬಾ ಎಂದ ಮಾಲೀಕ. ಇವನು ಹೋಗಿ ಲೋಡು ಇಳಿಸಿದ.

"ವಾಪಸು ಬರೂದ್ರಾಗ ಮಂದಿ ಸೇರಿದ್ರು," ಎಂದ.

ಆಸ್ಪತ್ರೆ ಅಲ್ಲಿಂದ ಎಷ್ಟು ದೂರ? ಅರ್ಧ ಗಂಟೆಯೂ ಇಲ್ಲ. ಅವ್ವ ನೆರಳಿನಲ್ಲಿ ಮಲಗಿ, ಇವನು ಬರುತ್ತಾನೆಂದು ದಾರಿ ನೋಡಿರಬೇಕು. ಅವಳಿಗೆ ಎಲ್ಲರ ಮೇಲೂ ನಂಬಿಕೆ. ನನಗೆ ಅಳು ಬರಲಿಲ್ಲ, ಹಲ್ಲು ಕಚ್ಚಿ ದವಡೆ ನೋಯುತ್ತಿತ್ತು. ಮಲಾರ ಕಟ್ಟತೊಡಗಿದೆ. ಅವನ ಹೆಂಡತಿ ತನ್ನ ಕೈ ನೋಡಿಕೊಂಡಳು. ಹನ್ನೆರಡು ಬಳೆ.

"ಹರಸೂ ಬಳಿ ಇಡಲಿಲ್ಲ ನೀವು," ಎಂದಳು ಮೆಲ್ಲಗೆ.

"ಇಲ್ಲ," ಎಂದೆ.

ಅದೇ ಮೊದಲು, ಹಿಡಿದ ಕೈಗೆ ಆ ಬಳೆ ಇಡದೆ ನಾನು ಎದ್ದದ್ದು. ಗೇಟಿನ ಹತ್ತಿರ ಅವನಿಗೆ ಒಂದೇ ಮಾತು ಹೇಳಿದೆ. "ನಮ್ಮ ಅವ್ವ ದೆವ್ವ ಅಲ್ಲ. ಆಕಿನ್ನ ಕೊಂದಾಂವ ನಾನು ಅಂತ ನಿನ್ನ ಡ್ರೈವರ್ ಮಂದಿಗೆ ಹೇಳು." ಹೇಳುತ್ತೇನೆಂದು ತಲೆಯಾಡಿಸಿದ.

ಹೇಳಿದ ಕೂಡ. ಹೆಂಡತಿಯೇ ಅವನನ್ನು ಠಾಣೆಗೆ ಕರೆದೊಯ್ದಳೆಂದು ಶೆಟ್ಟರಿಂದ ಕೇಳಿದೆ. ಹಳೆಯ ಕಾಗದ ಸಿಗುತ್ತಿಲ್ಲ, ಹೇಳಿ ಕಳಿಸುತ್ತೇವೆ ಎಂದರಂತೆ, ಹೇಳಿ ಕಳಿಸಲಿಲ್ಲ. ಲಾರಿ ಸ್ಟ್ಯಾಂಡಿನಲ್ಲಿ ಅವನು ನಿಂತು ಹೇಳಿದ್ದಕ್ಕೆ ಡ್ರೈವರುಗಳು ಅಯ್ಯೋ ಪಾಪ, ದೆವ್ವ ಮೆಟ್ಟಿದೆ ಎಂದು ಅವನಿಗೆ ನಿಂಬೆಹಣ್ಣು ನಿವಾಳಿಸಿ ಒಗೆದರಂತೆ. ತಿಂಗಳೊಳಗೆ ಬಸ್ಸಿನಲ್ಲಿ ಕಥೆ ಮುಂದುವರಿದಿತ್ತು: ಬಳೆಗಾರ್ತಿ ಸಿರುಗುಪ್ಪಕ್ಕೇ ಹೋಗಿ, ಒಬ್ಬ ಡ್ರೈವರನ ಹೆಂಡತಿಗೆ ಬಳೆ ಇಟ್ಟು ಬಂದಳಂತೆ, ಆ ಮನೆ ಏಳಿಗೆಯಾಗಲಿಲ್ಲವಂತೆ. ನಾನು ಜೀವ ತೇಯ್ದು ಹೊರಗೆ ತಂದ ಸತ್ಯವನ್ನು ದೆವ್ವ ಒಂದೇ ತುತ್ತಿಗೆ ನುಂಗಿತ್ತು.

ಮೊದಮೊದಲು ಸಿಟ್ಟಿನಿಂದ ಊಟ ಸೇರುತ್ತಿರಲಿಲ್ಲ. ಆಮೇಲೆ ಒಂದು ವಿಷಯ ಗಮನಕ್ಕೆ ಬಂತು. ಠಾಣೆಗೆ, ಚೆಕ್‌ಪೋಸ್ಟಿಗೆ, ದೇವರಿಗೆ ಹೆದರದ ಲಾರಿಗಳು ಆ ತಿರುವಿನಲ್ಲಿ ಹೆದರಿ ನಿಧಾನವಾಗುತ್ತಿದ್ದವು. ಅವ್ವ ಸತ್ತ ಮೇಲೆ ಅಲ್ಲಿ ಇನ್ನೊಬ್ಬರು ಸಾಯಲಿಲ್ಲ. ಹೆದರಲಿ ಎಂದು ಸುಮ್ಮನಾದೆ. ಗಣಿ ನಿಂತಿತು, ಲಾರಿಗಳು ಹೋದವು, ಹತ್ತಿ ಮತ್ತೆ ಬೆಳ್ಳಗಾಯಿತು. ಬಸ್ಸಿನವರು ಮಾತ್ರ ಈಗಲೂ ಅಲ್ಲಿ ಎರಡು ಹಾರ್ನ್ ಹೊಡೆಯುತ್ತಾರೆ.

ನಾನು ಬಳ್ಳಾರಿಗೆ ಬಂದು ಕಂಟೋನ್ಮೆಂಟಿನಲ್ಲಿ ಸಣ್ಣ ಬಳೆ ಅಂಗಡಿ ಇಟ್ಟೆ. ಎಷ್ಟೋ ವರ್ಷದ ಮೇಲೆ ಒಂದು ಮಧ್ಯಾಹ್ನ ಆ ಡ್ರೈವರನ ಹೆಂಡತಿ ಬಂದಳು. ಕೂದಲು ನೆರೆತಿತ್ತು, ಆದರೂ ಕೈ ಚಾಚಿದ ರೀತಿಯಿಂದಲೇ ಗುರುತು ಹಿಡಿದೆ. ಜೊತೆಯಲ್ಲಿ ಮಗುವಿರಲಿಲ್ಲ.

"ಮಾಡಿದಾಂವ ಅವ, ನಾ ಏನು ಮಾಡೀನಿ ಅಂತ ಕೇಳಾಕ ಬಂದಿಲ್ಲ," ಎಂದಳು. "ಬಳಿ ಇಡಿಸ್ಕೊಂಡು ಹೋಗಾಕ ಬಂದೀನಿ."

ಹಸಿರು ಬಳೆ ತೆಗೆದೆ. ಕೈಯ ಅಳತೆ ನನಗೆ ನೆನಪಿತ್ತು. ಒಂದು, ಎರಡು, ಹನ್ನೆರಡು. ಅವಳು ಕೈ ಹಿಂದೆಗೆಯಲಿಲ್ಲ, ನನ್ನ ಮುಖವನ್ನೂ ನೋಡಲಿಲ್ಲ, ತನ್ನ ಮಣಿಕಟ್ಟನ್ನೇ ನೋಡುತ್ತ ಕಾದಳು. ಇನ್ನೊಂದು ಬಳೆ ನನ್ನ ಬೆರಳಿನಲ್ಲೇ ಇತ್ತು. ಅವಳದೇನೂ ತಪ್ಪಿಲ್ಲವೆಂದು ನನಗೆ ಚೆನ್ನಾಗಿ ಗೊತ್ತಿತ್ತು, ನಾಚಿಕೆಯೂ ಆಗುತ್ತಿತ್ತು. ಅವ್ವ ಇದ್ದಿದ್ದರೆ ಎಂದೋ ಇಟ್ಟುಬಿಡುತ್ತಿದ್ದಳು. ಅವ್ವ ಇಲ್ಲವಲ್ಲ.

"ಆತು ಅಕ್ಕಾರ, ಏಳ್ರಿ," ಎಂದೆ.